ಸರಳ, ಸಸಾರ ಮತ್ತು ಕಳಸದ ದಾರಿ

ನಮ್ಮ ಕಡೆ ಯಾರನ್ನೇ ದಾರಿ ಕೇಳಿ, ಸಿಗುವ ಉತ್ತರ ಒಂದೇ: "ಸೀದಾ ಹೋಗಿ." ಮೂಡಿಗೆರೆಯಿಂದ ಕಳಸದವರೆಗೆ ಒಂದು ಅಡಿಕೋಲನ್ನು ನೆಟ್ಟಗೆ ಮಲಗಿಸುವಷ್ಟು ಜಾಗವೂ ಆ ರಸ್ತೆಯಲ್ಲಿಲ್ಲ. ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ನಿಂಬೆಹಣ್ಣು ಮೂಸುತ್ತ, ಇನ್ನರ್ಧ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಕೂತಿರುತ್ತಾರೆ. ಅಂಥ ರಸ್ತೆಯ ಪಕ್ಕ ನಿಂತುಕೊಂಡು, ಎಂಟು ತಿರುವಿನ ಆಚೆಗಿರುವ ಊರಿಗೆ ಕೈ ತೋರಿಸಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ "ಸೀದಾ" ಎನ್ನುವುದಕ್ಕೆ ಎಂಥ ಧೈರ್ಯ ಬೇಕು! ಇದನ್ನು ನಾನು ಬಹಳ ಕಾಲ ಬಾಯಿಯ ಸೋಮಾರಿತನ ಎಂದುಕೊಂಡಿದ್ದೆ. ಇದೊಂದು ಪಂಥ, ಈ ಪಂಥಕ್ಕೆ ಅನುಯಾಯಿಗಳಿದ್ದಾರೆ, ಗುರುಗಳಿದ್ದಾರೆ, ಅಂಥ ಗುರುಗಳಲ್ಲಿ ಒಬ್ಬರು ನನ್ನ ಹೆಂಡತಿಯ ಅಣ್ಣನೇ ಆಗಿದ್ದಾರೆ ಎಂಬುದು ಅರ್ಥವಾದದ್ದು ತಡವಾಗಿ.

ನಾನು ಎದುರು ಪಂಥದವನು. ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ತರ್ಕಶಾಸ್ತ್ರಕ್ಕೆ ಬರುವ ಹುಡುಗರೆಲ್ಲ ಬೇರೆ ಯಾವುದಕ್ಕೂ ಸೀಟು ಸಿಗದೆ ಬಂದವರು, ಆದ್ದರಿಂದ ಬಹಳ ವಿನಯವಂತರು. ನಮ್ಮ ಪಾಠದಲ್ಲಿ ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬೇಕಾದ ಒಂದು ಪುರಾತನ ಉದಾಹರಣೆ ಬರುತ್ತದೆ. ನಾನು ಅದನ್ನು ಹೇಳುವಾಗ ಕಿಟಕಿಯಾಚೆ ಬೆಟ್ಟವೂ ಕಾಣುತ್ತಿತ್ತು, ಅದರ ಮೇಲೆ ಬೆಳ್ಳಗೆ ಏನೋ ಏಳುತ್ತಲೂ ಇತ್ತು. "ಸಾರ್, ಅದು ಮಂಜು" ಎಂದು ಹಿಂದಿನ ಬೆಂಚಿನಿಂದ ಪ್ರತಿವರ್ಷವೂ ಒಂದು ದನಿ ಬರುತ್ತಿತ್ತು. ಅಲ್ಲಿಂದ ನಾನು ಮಂಜಿಗೂ ಹೊಗೆಗೂ ಇರುವ ವ್ಯತ್ಯಾಸ, ಕಂಡದ್ದಕ್ಕೂ ಕಂಡಂತಾದದ್ದಕ್ಕೂ ಇರುವ ವ್ಯತ್ಯಾಸ ಎಂದು ಹೊರಟರೆ, ಬೆಲ್ ಹೊಡೆದರೂ ಬೆಂಕಿಯವರೆಗೆ ತಲುಪುತ್ತಿರಲಿಲ್ಲ. ಮನೆಯಲ್ಲೂ ಇದೇ ಕಥೆ. ನನ್ನ ಹೆಂಡತಿ ಸರೋಜ ಹೇಳುವ ಪ್ರಕಾರ, ನನ್ನನ್ನು ಬದನೆಕಾಯಿ ತರಲು ಕಳಿಸಿದರೆ ನಾನು ಬದನೆಕಾಯಿ ಬಿಟ್ಟು ಅದರ ಬಗ್ಗೆ ನಾಲ್ಕು ಅಭಿಪ್ರಾಯ ತರುತ್ತೇನಂತೆ.

ಸರೋಜಳ ಅಣ್ಣ ಲೋಕೇಶ ಭಾವ ಮೂಡಿಗೆರೆಯ ಹತ್ತಿರ ಕಾಫಿ ತೋಟ ನೋಡಿಕೊಂಡಿದ್ದರು. ಎತ್ತರದ ಆಳು, ಗಟ್ಟಿ ದನಿ, ಬಾಯಿ ತೆರೆದರೆ "ಎಂಥದ್ದೂ ಇಲ್ಲ ಮಾರಾಯ್ರೆ, ಸಿಂಪಲ್" ಎಂಬ ಮಾತು. ಕಾಫಿಗಿಡಕ್ಕೆ ರೋಗ ಬಂದರೆ ಸಿಂಪಲ್. ಪಂಚಾಯ್ತಿ ಎಲೆಕ್ಷನ್ ಸಿಂಪಲ್. ದೇವರು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಒಮ್ಮೆ ಅವರು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾವುದನ್ನಾದರೂ ಹಗುರವಾಗಿ ತೆಗೆದುಕೊಳ್ಳುವುದಕ್ಕೆ ಕನ್ನಡದಲ್ಲಿ 'ಸಸಾರ' ಎಂಬ ಚೆಂದದ ಮಾತಿದೆ. ಸರಳ, ಸಸಾರ ಎರಡೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಅವು ಅಕ್ಕತಂಗಿಯರು ಎಂದು ಭಾವ ತಿಳಿದಿದ್ದರು. ಸರಳವಾಗಿ ಹೇಳಿದ್ದೆಲ್ಲ ಸಸಾರ ಮಾಡಿದಂತೆ, ಆದ್ದರಿಂದ ತಪ್ಪು ಎಂದು ನಾನು ತಿಳಿದಿದ್ದೆ. ಇಬ್ಬರೂ ಒಟ್ಟಿಗೆ ಒಂದೇ ಜೀಪು ಹತ್ತುವವರೆಗೆ ಈ ಎರಡು ತಪ್ಪುಗಳಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಮಲೆನಾಡಿನವರೆಲ್ಲ ವೆನಿಲಾ ವೆನಿಲಾ ಎಂದು ಹುಚ್ಚೆದ್ದು ಕುಣಿಯುತ್ತಿದ್ದ ಕಾಲ ಅದು. ಸರೋಜಳ ತಮ್ಮ ಮಹೇಶನಿಗೆ ಹೆಣ್ಣು ನೋಡುತ್ತಿದ್ದರು. ಮಹೇಶ ಅಣ್ಣನ ಜೊತೆಗೆ ತೋಟದಲ್ಲಿದ್ದ, ಓದಿದ್ದ, ಕೆಲಸ ಬಲ್ಲವನು, ಆದರೆ ಮಾತು ಬಹಳ ಕಡಿಮೆ. ಅಣ್ಣ ಇಷ್ಟು ಮಾತಾಡುವ ಮನೆಯಲ್ಲಿ ತಮ್ಮನ ಪಾಲಿಗೆ ಮಾತು ಉಳಿದಿರಲಿಲ್ಲವೋ ಏನೋ. ಮೊದಲೇ ಎರಡು ಮೂರು ಕಡೆ ಹೋಗಿ ಬಂದಾಗಿತ್ತು. ಎಲ್ಲ ಕಡೆಯೂ ಇವನು ತಲೆತಗ್ಗಿಸಿ ಉಪ್ಪಿಟ್ಟು ತಿಂದು ಬಂದಿದ್ದನೇ ಹೊರತು ಹ್ಞೂಂ ಎಂದಿರಲಿಲ್ಲ, ಊಹೂಂ ಎಂದಿರಲಿಲ್ಲ. ನಮ್ಮ ಅತ್ತೆಗೆ ಚಿಂತೆ ಹತ್ತಿತ್ತು. "ಈ ಸಲ ಆಗದಿದ್ರೆ ನಾನು ಇನ್ನು ಯಾರನ್ನೂ ಕೇಳೋದಿಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದರು.

ಈ ಸಲದ್ದು ಕಳಸದ ಆಚೆಯ ಸಂಬಂಧ. ಮೊದಲು ಗಂಡಸರು ಹೋಗಿ ನೋಡಿಕೊಂಡು ಬರಲಿ, ಆಮೇಲೆ ಹೆಂಗಸರು ಹೋಗುವುದು ಎಂದು ತೀರ್ಮಾನವಾಗಿತ್ತು. ಹೆಂಗಸರು ಮೊದಲು ಹೋಗಿದ್ದರೆ ಈ ಪ್ರಬಂಧ ಬರೆಯುವ ಅವಕಾಶ ನನಗೆ ಸಿಗುತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟು: ಗುಡ್ಡದ ಮೇಲೆ ತೋಟ, ಮೇಲಿನ ಮನೆ ಎಂದು ಹೆಸರು, ದೊಡ್ಡ ಗೇಟು. ತಂದೆ ತೀರಿಕೊಂಡು ವರ್ಷಗಳಾಗಿವೆ, ಅಣ್ಣನೇ ಯಜಮಾನ. ಹುಡುಗಿ ಬಿ.ಕಾಂ. ಮಾಡಿದ್ದಾಳೆ. "ಹೋಗುವ ದಾರಿ ಸರಿಯಾಗಿ ಕೇಳ್ಕೊಳ್ಳಿ" ಎಂದು ಸರೋಜ ಎಷ್ಟು ಹೇಳಿದರೂ ಭಾವ ಕೇಳಲಿಲ್ಲ. "ಕಳಸದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಸಿಂಪಲ್."

ಭಾವ, ಮಹೇಶ, ನಾನು ಮೂವರೂ ಜೀಪಿನಲ್ಲಿ ಹೊರಟೆವು. ಕಳಸ ದಾಟಿದ ಮೇಲೆ ಒಂದು ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಭಾವ ಕೇಳಿದರು, "ಮೇಲಿನ ಮನೆ ಗೌಡ್ರ ತೋಟ ಎಲ್ಲಿ?" ಗುಡ್ಡದ ಸೀಮೆಯಲ್ಲಿ ಪ್ರತಿಯೊಂದು ಮನೆಯೂ ಇನ್ಯಾವುದೋ ಮನೆಗಿಂತ ಮೇಲೆಯೇ ಇರುತ್ತದೆ. ಅಂಗಡಿಯವರು ಒಂದು ಕ್ಷಣವೂ ಯೋಚಿಸದೆ ಕೈ ಎತ್ತಿದರು. ಏನು ಹೇಳಿದರು ಎಂಬುದನ್ನು ನಾನು ಬೇರೆ ಹೇಳಬೇಕಿಲ್ಲ. ಜೊತೆಗೆ "ದೊಡ್ಡ ಗೇಟು ಸಿಗ್ತದೆ" ಎಂದೂ ಸೇರಿಸಿದರು. ಏರು ಹತ್ತಿ, ಎರಡು ಹಳ್ಳ ಇಳಿದು, ನಾಲ್ಕಾರು ಕವಲುಗಳಲ್ಲಿ ಭಾವ ತಮಗೆ ಸೀದಾ ಎಂದು ಕಂಡ ಕಡೆಗೆಲ್ಲ ತಿರುಗಿಸಿ, ಕೊನೆಗೊಂದು ದೊಡ್ಡ ಗೇಟಿನ ಮುಂದೆ ಜೀಪು ತಂದು ನಿಲ್ಲಿಸಿದರು. ಗೇಟು ದೊಡ್ಡದಾಗಿಯೇ ಇತ್ತು. ಗೇಟಿನ ಹಿಂದೆ ಮನೆಯೂ ಇತ್ತು. "ನೋಡಿದ್ರಾ?" ಎಂದು ಭಾವ ನನ್ನ ಕಡೆ ತಿರುಗಿ ಗೆದ್ದವರ ನಗೆ ನಕ್ಕರು.

ಮನೆಯೊಳಗಿಂದ ಗಂಬೂಟು ಹಾಕಿಕೊಂಡ, ಅರವತ್ತು ದಾಟಿದಂತೆ ಕಾಣುವ ಗೌಡರೊಬ್ಬರು ಹೊರಗೆ ಬಂದರು. ನಾಗಪ್ಪಗೌಡರು ಎಂದು ಆಮೇಲೆ ತಿಳಿಯಿತು. "ಬನ್ನಿ ಬನ್ನಿ, ಕೂತ್ಕೊಳ್ಳಿ. ದೂರದಿಂದ ಬಂದ ಹಾಗೆ ಕಾಣ್ತದೆ" ಎಂದು ಜಗಲಿಯ ಬೆಂಚು ತೋರಿಸಿದರು. "ಮೂಡಿಗೆರೆ ಕಡೆಯಿಂದ" ಎಂದರು ಭಾವ. "ಹೌದಾ! ಅಷ್ಟು ದೂರಕ್ಕೂ ಸುದ್ದಿ ಮುಟ್ಟಿದ್ಯಾ?" ಎಂದು ಗೌಡರು ಖುಷಿಪಟ್ಟು, ಒಳಗೆ ತಿರುಗಿ ಕಾಫಿಗೆ ಹೇಳಿದರು.

ನನ್ನ ತಲೆ ಆಗಲೇ ಓಡತೊಡಗಿತು. ಹುಡುಗಿಯ ತಂದೆ ಇಲ್ಲ ಎಂದಿದ್ದರಲ್ಲ, ಹಾಗಾದರೆ ಇವರು ಯಾರು? ಚಿಕ್ಕಪ್ಪ ಇರಬೇಕು. ಅಣ್ಣ ಯಾಕೆ ಹೊರಗೆ ಬರಲಿಲ್ಲ? ಚಿಕ್ಕಪ್ಪನ ಎದುರು ಬರಲು ಸಂಕೋಚ. ಹೆಣ್ಣು ನೋಡಲು ಬಂದವರ ಮುಂದೆ ಗಂಬೂಟು ಯಾಕೆ? ಆಡಂಬರ ಇಷ್ಟವಿಲ್ಲದ ಜನ. ಒಂದೊಂದು ಅನುಮಾನಕ್ಕೂ ನಾನು ಒಂದೊಂದು ಸಮಾಧಾನ ಹೊಲಿದು ಹಾಕುತ್ತಾ ಹೋದೆ. ನಾನು ಈ ಕೆಲಸದಲ್ಲಿ ಎಷ್ಟು ನಿಪುಣನೆಂದರೆ, ಆ ಹೊತ್ತು ಜಗಲಿಗೆ ಒಂದು ಆನೆ ಬಂದು ಕೂತಿದ್ದರೂ ಅದು ಹುಡುಗಿಯ ಸೋದರಮಾವನ ಕಡೆಯದು ಎಂದು ಒಂದು ಕಾರಣ ಕೊಡುತ್ತಿದ್ದೆ. ಭಾವನಿಗೆ ಈ ತೊಂದರೆಯೇ ಇರಲಿಲ್ಲ. ದೊಡ್ಡ ಗೇಟು, ಗುಡ್ಡದ ಮೇಲಿನ ಮನೆ, ಆದರಿಸುವ ಯಜಮಾನ; ಅವರಿಗೆ ಇನ್ನೇನೂ ಕಾಣಿಸಲಿಲ್ಲ.

ಗೌಡರು ಮಾತು ಶುರು ಮಾಡಿದರು. "ಈಗ ಎಲ್ರೂ ಇದಕ್ಕೇ ಬರೋದು. ಮೊನ್ನೆ ಕೊಪ್ಪದ ಕಡೆಯವರು ಬಂದಿದ್ರು. ಅದಕ್ಕೆ ಮೊದ್ಲು ಸಕಲೇಶಪುರದವರು. ನೋಡಿ ಬಹಳ ಮೆಚ್ಕೊಂಡು ಹೋದ್ರು."

"ಒಳ್ಳೇದಿದ್ರೆ ಬಂದೇ ಬರ್ತಾರೆ" ಎಂದರು ಭಾವ.

"ನಮ್ದು ಒಳ್ಳೇದೇ. ಹೊರಗಿನದ್ದು ಎಂಥದ್ದೂ ಕೊಡ್ದೆ, ಬರೀ ಮನೆ ಸಗಣಿಗೊಬ್ಬರದಲ್ಲೇ ಬೆಳೆಸಿದ್ದು."

ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ಸಗಣಿಗೊಬ್ಬರ ಎಂದದ್ದು ಯಾಕೆ? ಹಳ್ಳಿಯ ಸರಳ ಊಟಕ್ಕೆ ತಮಾಷೆಯಾಗಿ ಹಾಗೆ ಅಂದಿರಬಹುದು. ಈ ಕಡೆಯವರ ಹಾಸ್ಯವೇ ಹೀಗೆ ಎಂದು ತಲೆದೂಗಿದೆ. ಮಹೇಶ ಮಾತ್ರ ತಲೆಯೆತ್ತಿ ಗೌಡರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ.

"ನಿಮಗೆ ಎಷ್ಟು ಬೇಕಾಗಬಹುದು?" ಗೌಡರು ಕೇಳಿದರು.

ಭಾವನಿಗೂ ಈ ಪ್ರಶ್ನೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ಆದರೆ ಅವರು ಯಾವತ್ತೂ ಉತ್ತರವಿಲ್ಲದೆ ಕೂತವರಲ್ಲ. "ನಮಗೆ ಒಂದೇ ಸಾಕು" ಎಂದರು.

"ಒಂದೇ? ಒಂದಕ್ಕೋಸ್ಕರ ಮೂಡಿಗೆರೆಯಿಂದ ಬಂದ್ರಾ ಮಾರಾಯ್ರೆ?"

"ಇವನೊಬ್ನಿಗೆ ತಾನೆ" ಎಂದು ಭಾವ ಮಹೇಶನ ಬೆನ್ನು ತಟ್ಟಿದರು.

ಗೌಡರು ಮಹೇಶನನ್ನು ಕನಿಕರದಿಂದ ನೋಡಿದರು. ಹೊಸದಾಗಿ ತೋಟ ಶುರು ಮಾಡಿದ ಬಡ ಹುಡುಗ ಎಂದುಕೊಂಡರೋ ಏನೋ. "ಇರ್ಲಿ ಬಿಡಿ, ಶುರುವಲ್ಲಿ ಹೆದರಿಕೆ ಇರ್ತದೆ. ಒಂದು ಇಟ್ಟು ನೋಡಿ, ಹಿಡಿಸಿದ್ರೆ ಮುಂದಿನ ವರ್ಷ ಬಂದು ಇನ್ನೂ ತಗೊಂಡು ಹೋಗಿ. ಒಪ್ಪಿಗೆ ಆದ್ರೆ ಇವತ್ತೇ ಕೊಟ್ಟು ಕಳಿಸ್ತೇನೆ, ಜೀಪು ತಂದಿದೀರಲ್ಲ."

ಸರಳ ವಿವಾಹದ ಬಗ್ಗೆ ನಾನು ಕಾಲೇಜಿನಲ್ಲಿ ಭಾಷಣ ಕೇಳಿದ್ದೆ, ಒಂದೆರಡು ಸಲ ಮಾಡಿಯೂ ಇದ್ದೆ. ಆದರೆ ಇಷ್ಟು ಸರಳವಾಗಬಹುದೆಂದು ಊಹಿಸಿರಲಿಲ್ಲ. ಆದರೂ ನೋಡಿ, ನನ್ನ ಬುದ್ಧಿ ಕೈಚೆಲ್ಲಲಿಲ್ಲ. ಈ ಚಿಕ್ಕಪ್ಪ ಯಾವುದೋ ಕ್ರಾಂತಿಕಾರಿ ವಿಚಾರದವರು, ಮುಹೂರ್ತ ಲಗ್ನಪತ್ರಿಕೆಗಳನ್ನು ನಂಬದವರು, "ಮುಂದಿನ ವರ್ಷ" ಎಂದದ್ದು ನಮ್ಮನ್ನು ಪರೀಕ್ಷಿಸಲು ಎಸೆದ ಚಟಾಕಿ ಎಂದು ನಾನು ಒಂದು ಪೂರ್ಣಪ್ರಮಾಣದ ಸಿದ್ಧಾಂತವನ್ನೇ ಕಟ್ಟಿ ನಿಲ್ಲಿಸಿದೆ. ಅದು ಎಲ್ಲ ಕಡೆಯಿಂದಲೂ ಗಟ್ಟಿಯಾಗಿತ್ತು. ಒಂದೇ ತೊಂದರೆಯೆಂದರೆ ಅದು ಸುಳ್ಳಾಗಿತ್ತು.

ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ತಂದವಳು ಗೌಡರ ಮಗಳು. ಹೆಸರು ವಿನುತಾ. ಸಾದಾ ಸೀರೆಯನ್ನು ಮೊಣಕಾಲಿನ ಹತ್ತಿರ ಎತ್ತಿ ಸಿಕ್ಕಿಸಿದ್ದಳು, ಕೈಬೆರಳುಗಳಲ್ಲಿ ಇನ್ನೂ ಹಸಿಮಣ್ಣಿತ್ತು. ತಟ್ಟೆಯನ್ನು ಕೆಳಗಿಟ್ಟವಳು ಒಳಗೆ ಹೋಗಲಿಲ್ಲ. ಬಾಗಿಲ ಬಳಿ ನಿಂತು ನಮ್ಮನ್ನು ನೋಡಿದಳು. ಭಾವನ ಇಸ್ತ್ರಿ ಪಂಚೆ, ನನ್ನ ಕೈಯಲ್ಲಿದ್ದ ಹಣ್ಣು ಹೂವಿನ ಚೀಲ, ಮಹೇಶನ ಹೊಸ ಅಂಗಿ ಎಲ್ಲವನ್ನೂ ನೋಡಿದಳು. ನಾನು ಹುಡುಗಿ ತುಂಬ ಧೈರ್ಯವಂತೆ ಎಂದು ಮನಸ್ಸಿನಲ್ಲೇ ಅಂಕ ಕೊಡುತ್ತಿರುವಾಗ ಅವಳು ಮೆತ್ತಗೆ ಕೇಳಿದಳು:

"ನೀವು ಯಾರ ಮನೆಗೆ ಅಂತ ಹೊರಟಿದ್ರಿ?"

ಭಾವನ ಕಾಫಿ ಲೋಟ ಬಾಯಿಯ ಹತ್ತಿರ ನಿಂತಿತು. ನನ್ನ ಸಿದ್ಧಾಂತ ಗೋಡೆ ಜರಿದ ಹಾಗೆ ಸದ್ದಿಲ್ಲದೆ ಕುಸಿಯುತ್ತಿರುವುದು ನನಗೇ ಕಾಣಿಸುತ್ತಿತ್ತು. ಆಗ ಮಹೇಶ, ಎಲ್ಲ ಹೆಣ್ಣಿನ ಮನೆಗಳಲ್ಲೂ ಮೂಕನಂತೆ ಕೂತಿದ್ದ ಮಹೇಶ, ಬಾಯಿಬಿಟ್ಟ.

"ಹುಡುಗಿ ನೋಡ್ಲಿಕ್ಕೆ ಅಂತ ಹೊರಟಿದ್ದು. ಆದ್ರೆ ಆ ಮನೆ ಇದಲ್ಲ ಅನ್ಸುತ್ತೆ."

"ಅಲ್ಲ" ಎಂದಳು ವಿನುತಾ. "ಅಪ್ಪ ಇಷ್ಟೊತ್ತು ಹೇಳಿದ್ದು ವೆನಿಲಾ ಬಳ್ಳಿ ವಿಷಯ." ಅವಳು ನಗಬಾರದೆಂದು ಬಹಳ ಪ್ರಯತ್ನಪಟ್ಟಳು. ಮೊದಲು ನಕ್ಕವನು ಮಹೇಶ. ಆಮೇಲೆ ಅವಳು. ಕೊನೆಗೆ ಗೌಡರು ತಮ್ಮದೇ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡು, "ಅಯ್ಯೋ ಶಿವನೇ, ಜೀಪಲ್ಲಿ ಹಾಕಿ ಕಳಿಸ್ತೇನೆ ಅಂದ್ನಲ್ಲ!" ಎಂದು ಗಂಬೂಟು ಕುಟ್ಟಿ ಕುಟ್ಟಿ ನಕ್ಕರು.

ಇಲ್ಲಿ ಓದುಗರು ನನಗೆ ಸ್ವಲ್ಪ ಪಾಠ ಮಾಡಲು ಬಿಡಬೇಕು. ನಮ್ಮ ಹಳೆಯ ತಾರ್ಕಿಕರು ವಾದಗಳನ್ನು ತೂಗುವಾಗ ಎರಡು ಮಾತು ಬಳಸುತ್ತಾರೆ: ಲಾಘವ ಮತ್ತು ಗೌರವ. ಕಡಿಮೆ ಕಲ್ಪನೆಯಲ್ಲಿ ಕೆಲಸ ಮುಗಿಸಿದರೆ ಲಾಘವ, ಅದು ಗುಣ. ಬೇಡದ ಕಲ್ಪನೆಗಳನ್ನು ಹೇರಿ ಭಾರ ಮಾಡಿದರೆ ಗೌರವ, ಅದು ದೋಷ. ಇಷ್ಟು ವರ್ಷ ಇದನ್ನು ಬೋರ್ಡಿನ ಮೇಲೆ ಬರೆದವನು ನಾನು. ಚಿಕ್ಕಪ್ಪ, ಸಂಕೋಚದ ಅಣ್ಣ, ಕ್ರಾಂತಿಕಾರಿ ವಿಚಾರ, ಪರೀಕ್ಷೆಯ ಚಟಾಕಿ ಇವನ್ನೆಲ್ಲ ಒಂದರ ಮೇಲೊಂದು ಪೇರಿಸುವ ಬದಲು 'ಮನೆ ತಪ್ಪಿದೆ' ಎಂಬ ಎರಡು ಪದ ಸಾಕಾಗಿತ್ತು. ಆದರೆ ಆ ದಿನ ನನಗೆ ಹೊಳೆದ ಸಂಗತಿ ಪುಸ್ತಕದಲ್ಲಿಲ್ಲ. ನಮ್ಮಲ್ಲಿ ಗೌರವ ಎಂದರೆ ಮರ್ಯಾದೆಯೂ ಹೌದಲ್ಲ? ಬಂದವರನ್ನು ಯಾರು ಎಂದು ಕೇಳುವುದು ಮರ್ಯಾದೆಯಲ್ಲ ಎಂದು ಗೌಡರು ಕೇಳಲಿಲ್ಲ. ಕಾಫಿ ಕುಡಿಯುವ ಮುಂಚೆ ಬಂದ ಕೆಲಸ ಹೇಳುವುದು ಮರ್ಯಾದೆಯಲ್ಲ ಎಂದು ಭಾವ ಹೇಳಲಿಲ್ಲ. ದಡ್ಡನಂತೆ ಪ್ರಶ್ನೆ ಕೇಳುವುದು ಲೆಕ್ಚರರ್ ಆದವನಿಗೆ ಮರ್ಯಾದೆಯಲ್ಲ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಹೀಗೆ ಎಲ್ಲರೂ ಗೌರವದಿಂದಲೇ ಗೌರವದೋಷ ಮಾಡುತ್ತಾ ಕೂತಿದ್ದೆವು.

ಭಾವ ಸಸಾರ ಮಾಡಿ ತಪ್ಪಿದರು, ನಾನು ಗೋಜಲು ಮಾಡಿ ತಪ್ಪಿದೆ. ಭಾವ ಕಣ್ಣಿಗೆ ಬಿದ್ದದ್ದರಲ್ಲಿ ಮುಕ್ಕಾಲು ಪಾಲನ್ನು ಬಿಸಾಕಿದರು, ನಾನು ಕಂಡದ್ದರ ಮೇಲೆ ಮೂರು ಪಾಲು ಕೈಯಿಂದ ಸೇರಿಸಿದೆ. ವಿನುತಾ ಎಲ್ಲವನ್ನೂ ನೋಡಿದಳು, ಏನನ್ನೂ ಸೇರಿಸಲಿಲ್ಲ, ಆಮೇಲೆ ಒಂದು ಮಾತು ಕೇಳಿದಳು. ಆ ಮಾತು ಹಾಲುಗಲ್ಲದ ಮಗುವೂ ಕೇಳಬಹುದಾದಷ್ಟು ಸಣ್ಣದು. ಹಾಗಿದ್ದರೂ ಅದನ್ನು ಕೇಳಲು ಅಷ್ಟೂ ನೋಡಬೇಕಿತ್ತು.

ಹೊರಡುವಾಗ ಅವಳು ದಾರಿ ಹೇಳಿದ ರೀತಿಯೂ ಹಾಗೇ ಇತ್ತು. ಮೊದಲು ನಾವು ಬಂದ ದಾರಿಯಲ್ಲಿ ಏನೇನು ಕಂಡೆವು ಎಂದು ಕೇಳಿದಳು. ಆಮೇಲೆ, "ಕೆಳಗಿನ ಹಳ್ಳದವರೆಗೆ ವಾಪಸ್ ಹೋಗಿ ಬಲಕ್ಕೆ ತಿರುಗಿ, ಅಷ್ಟೇ" ಎಂದಳು. ಭಾವ ಜೀಪು ಸ್ಟಾರ್ಟ್ ಮಾಡುತ್ತಾ, "ಇದನ್ನೇ ಅಲ್ವಾ ಆ ಅಂಗಡಿಯವ್ರೂ ಹೇಳಿದ್ದು!" ಎಂದರು.

ಸರಿಯಾದ ಮನೆ ಸರಿಯಾಗಿಯೇ ಇತ್ತು. ಅಣ್ಣನಿದ್ದ, ತಂದೆಯ ಫೋಟೋಕ್ಕೆ ಹಾರವಿತ್ತು, ಕೇಸರಿಬಾತಿತ್ತು, ಹುಡುಗಿ ಬಿ.ಕಾಂ. ಆಗಿದ್ದಳು. ಒಳ್ಳೆಯ ಜನ. ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಮಹೇಶ ಮತ್ತೆ ಮೊದಲಿನಂತೆ ಮೂಕನಾಗಿ ಕೂತ. ಜೀಪಿನಲ್ಲಿ ವಾಪಸು ಬರುವಾಗ ಕೊಟ್ಟಿಗೆಹಾರದವರೆಗೂ ಸುಮ್ಮನಿದ್ದು, ಅಲ್ಲಿ ದೋಸೆ ತಿನ್ನಲು ಇಳಿದಾಗ ಹೇಳಿದ, "ನಂಗೆ ಮೊದಲ್ನೇ ಮನೆಯವಳು ಒಪ್ಪಿಗೆ."

ಭಾವ ದೋಸೆ ಬಿಟ್ಟು ಅವನ ಮುಖ ನೋಡಿದರು. "ಅದು ತಪ್ಪು ಮನೆ ಅಲ್ವೇನೋ?"

"ಮನೆ ಮಾತ್ರ ತಪ್ಪು" ಎಂದ ಮಹೇಶ.

ಮನೆಗೆ ಬಂದ ಮೇಲೆ ದೊಡ್ಡ ಗಲಾಟೆಯಾಯಿತು. ಅತ್ತೆ ಅತ್ತರು. ಬರುತ್ತೇವೆಂದು ಹೇಳಿ ಹೋದ ಮನೆಯವರಿಗೆ ಏನು ಹೇಳುವುದು? ಅವರ ಹುಡುಗಿಯ ಮನಸ್ಸು ಏನಾಗಬೇಡ? ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ, ಸರೋಜಳೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಷ್ಟರಲ್ಲಿ ಆ ಕಡೆಯಿಂದಲೇ ಸುದ್ದಿ ಬಂತು. ಹುಡುಗಿ ತನ್ನ ಅಣ್ಣನಿಗೆ ಹೇಳಿದ್ದಳಂತೆ: "ಆ ಹುಡುಗ ಇಲ್ಲಿ ಕೂತಿದ್ದ ಅಷ್ಟೇ, ಮನಸ್ಸು ಬೇರೆಲ್ಲೋ ಇತ್ತು. ನಂಗೆ ಬೇಡ." ನನಗೆ ಆ ಹುಡುಗಿಯ ಮೇಲೆ ಗೌರವ ಹುಟ್ಟಿತು. ಈ ಸಲ ಎರಡನೆಯ ಅರ್ಥದ್ದು. ಭಾವನಿಗೆ ಮಾತ್ರ ಸಿಟ್ಟು. ನಾವು ಬೇಡ ಎನ್ನುವ ಮುಂಚೆ ಅವರೇ ಬೇಡ ಎಂದುಬಿಟ್ಟರಲ್ಲ ಎಂದು ಒಂದು ವಾರ ಗೊಣಗಿದರು.

ಈಗ ನಾಗಪ್ಪಗೌಡರ ಮನೆಯಲ್ಲಿ ಕೇಳುವುದು ಹೇಗೆ? ಭಾವ ಎಂದರು: "ಸಿಂಪಲ್. ವೆನಿಲಾ ಬೇಕು ಅಂತ ಹೋಗೋದು, ಹಾಗೇ ಮಾತು ತೆಗೆಯೋದು." ನಾನು ಎಂದೆ: ಅವರ ಬೀಗರ ಪೈಕಿ ಯಾರನ್ನಾದರೂ ಹಿಡಿದು, ಅವರಿಂದ ನಮ್ಮ ಮನೆತನದ ವಿಷಯ ಆಕಸ್ಮಿಕವಾಗಿ ಎಂಬಂತೆ ಬರುವ ಹಾಗೆ ಮಾಡಿ, ಅವರ ಮುಖಭಾವ ತಿಳಿದುಕೊಂಡು, ಆಮೇಲೆ ಮೂರನೆಯವರೊಬ್ಬರನ್ನು... ನಾನು ಮೂರನೆಯವರನ್ನು ಹುಡುಕುತ್ತಿರುವಾಗಲೇ ಮಹೇಶ ಒಂದು ಬೆಳಿಗ್ಗೆ ಕಳಸದ ಬಸ್ಸು ಹತ್ತಿ ಹೋಗಿಬಿಟ್ಟ.

ಗೌಡರು ಜಗಲಿಯಲ್ಲೇ ಇದ್ದರಂತೆ. "ಈ ಸಲ ಸರಿಯಾದ ಮನೆಗೇ ಬಂದಿದೀನಿ" ಎಂದನಂತೆ ಮಹೇಶ. ಆಮೇಲೆ ಅಪ್ಪನ ಎದುರಿಗೇ ವಿನುತಾಳನ್ನು ಕೇಳಿದನಂತೆ, ನಿಮಗೆ ಒಪ್ಪಿಗೆಯಾ ಎಂದು. ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿ, "ಯೋಚನೆ ಮಾಡ್ಬೇಕು" ಎಂದಳಂತೆ.

ಮಾಡಿದಳು. ಹೂಮಳೆ ಬಿತ್ತು, ಕಾಫಿ ಹೂವು ಬೆಳ್ಳಗೆ ಅರಳಿ ಕಂದಿ ಉದುರಿತು, ಕಾಯಿ ಕಚ್ಚಿತು, ಅವಳ ಯೋಚನೆ ಮುಗಿಯಲಿಲ್ಲ. "ಸಿಂಪಲ್, ಅವಳಿಗೆ ಇಷ್ಟ ಇಲ್ಲ" ಎಂದು ಭಾವ ತೀರ್ಪು ಕೊಟ್ಟರು. ನಾನು ಅವಳ ಮೌನಕ್ಕೆ ಐದು ಕಾರಣಗಳನ್ನು ಊಹಿಸಿ ಪ್ರತಿಯೊಂದಕ್ಕೂ ಪರಿಹಾರವನ್ನೂ ಯೋಚಿಸಿಟ್ಟೆ. ಮಹೇಶ ಸುಮ್ಮನೆ ಕಾಫಿಗಿಡದ ರೆಂಬೆ ಸವರಿಸಿ ಕಸಿ ಮಾಡಿಸುತ್ತಾ ತೋಟದಲ್ಲಿದ್ದ. ಆದರೆ ಫೋನು ರಿಂಗಾದಾಗಲೆಲ್ಲ ಅವನು ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿಟ್ಟೆ ಎಂದು ಆಮೇಲೆ ಹುಡುಕುತ್ತಿದ್ದ ಎಂದು ಅತ್ತೆ ಹೇಳುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಒಂದು ದಿನ ವಿನುತಾ ಅಪ್ಪನ ಜೊತೆ ಮೂಡಿಗೆರೆಗೆ ಬಂದಳು. ಗಂಡು ನೋಡಲು. ಆ ಮನೆಯ ಚರಿತ್ರೆಯಲ್ಲಿ ಹಾಗೆ ಯಾರೂ ಬಂದಿರಲಿಲ್ಲ. ಉಪ್ಪಿಟ್ಟು ಯಾರು ತಂದುಕೊಡಬೇಕು ಎಂಬ ವಿಷಯಕ್ಕೇ ಒಳಗೆ ಗೊಂದಲವಾಗಿ, ಕೊನೆಗೆ ಮಹೇಶನೇ ತಟ್ಟೆ ಹಿಡಿದು ಬಂದ. ಸರೋಜ ಬಾಗಿಲ ಸಂದಿಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ವಿನುತಾ ಮನೆ ನೋಡಿದಳು, ಬಾವಿ ನೋಡಿದಳು, ತೋಟದ ದಾರಿಯಲ್ಲಿ ಮಹೇಶನ ಜೊತೆ ಒಂದು ಸುತ್ತು ಹೋಗಿ ಬಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆಯ ಪಕ್ಕ ಕೂತು ಕೇಳಿದಳು, "ಈ ಮನೇಲಿ ಸಿಟ್ಟು ಬಂದ್ರೆ ಯಾರು ಮಾತು ಬಿಡೋದು?"

ಅತ್ತೆ ಬೆಚ್ಚಿದರು. ಜಾತಕ, ಒಡವೆ, ಅಡುಗೆ ಎಲ್ಲದಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದವರು ಇದಕ್ಕೆ ಮಾಡಿಕೊಂಡಿರಲಿಲ್ಲ. ಆಮೇಲೆ ಮುಖ ಕೆಂಪಾಗಿ, "ನಾನೇ" ಎಂದರು. "ನನ್ನ ಮಕ್ಕಳಲ್ಲಿ ಯಾರಿಗೂ ಆ ಚಾಳಿ ಇಲ್ಲ. ನಾನೇ ಬಿಡೋದು. ಹಪ್ಪಳ ಸುಟ್ಟು ಕೊಟ್ರೆ ಸರಿಹೋಗ್ತೀನಿ."

ಹೋಗುವಾಗ ವಿನುತಾ ಒಪ್ಪಿಗೆ ಹೇಳಿಹೋದಳು.

ಮದುವೆ ಕಳಸದಲ್ಲಾಯಿತು. ನಾಗಪ್ಪಗೌಡರು ಮಗಳನ್ನು ಕಳಿಸುವಾಗ ಜೀಪಿನ ಬಳಿ ನಿಂತು ಏನೋ ತಮಾಷೆ ಮಾಡಲು ಹೋಗಿ, ಅರ್ಧಕ್ಕೇ ಬಿಟ್ಟು ಬೇರೆ ಕಡೆ ತಿರುಗಿಕೊಂಡರು. ಮಹೇಶ ಈಗ ಸಾಕಷ್ಟು ಮಾತಾಡುತ್ತಾನೆ. ಸ್ವಲ್ಪ ಜಾಸ್ತಿಯೇ ಎಂದು ಭಾವ ಹೇಳುತ್ತಾರೆ.

ಮುಂದಿನ ವರ್ಷದ ಹಬ್ಬಕ್ಕೆ ನಾವು ಮೂಡಿಗೆರೆಗೆ ಹೋದಾಗ ಎಲ್ಲರೂ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ನನ್ನ ಹಳೆಯ ಚಟ ಬಿಡಲಿಲ್ಲ. ಅಷ್ಟು ತಿಂಗಳು ಏನಮ್ಮ ಯೋಚನೆ ಮಾಡಿದೆ ಎಂದು ವಿನುತಾಳನ್ನು ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಹೇಳಿದಳು, "ನಂಗೆ ಮೊದಲ್ನೇ ದಿನವೇ ಒಪ್ಪಿಗೆ ಆಗಿತ್ತು ಅಣ್ಣ. ಆಮೇಲೆ ಅದನ್ನ ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ. ಕೊನೆಗೂ ಅದೇ ಬಂತು."

"ಮತ್ತೆ ಅಷ್ಟು ತಿಂಗಳು ದಂಡ ಆಯ್ತಲ್ಲ!" ಎಂದರು ಭಾವ.

"ದಂಡ ಯಾಕೆ ಭಾವ? ಮೊದಲು ಬಂದಿದ್ದು ಆಸೆ. ಕೊನೇಲಿ ಬಂದಿದ್ದು ತೀರ್ಮಾನ. ಎರಡೂ ನೋಡ್ಲಿಕ್ಕೆ ಒಂದೇ ಥರ ಇರ್ತವೆ."

ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ ವಿಷಯವನ್ನು ಅವಳು ಅವರೆಕಾಯಿಯ ಸಿಪ್ಪೆಯ ಜೊತೆಗೆ ಪಕ್ಕಕ್ಕೆ ಹಾಕಿ, ಮುಂದಿನ ಕಾಯಿ ಕೈಗೆತ್ತಿಕೊಂಡಳು. ನನಗೆ ಉತ್ಸಾಹ ಬಂದುಬಿಟ್ಟಿತು. ಸರೋಜಳ ಕಡೆ ತಿರುಗಿ, ಎಲ್ಲರೂ ಕೇಳುವ ಹಾಗೆ ಕೇಳಿದೆ, "ಅಲ್ಲ ಮಾರಾಯ್ತಿ, ನನ್ನನ್ನ ಒಪ್ಪೋ ಮುಂಚೆ ನೀನು ಎಷ್ಟು ದಿನ ಯೋಚನೆ ಮಾಡಿದ್ದೆ?"

ಸರೋಜ ನನ್ನ ಮುಖ ನೋಡಿದಳು.

"ಆವಾಗ ನನ್ನನ್ನ ಯಾರು ಕೇಳಿದ್ರು? ನಾನು ಯೋಚನೆ ಶುರು ಮಾಡಿದ್ದೇ ಮದುವೆ ಆದ್ಮೇಲೆ. ಇನ್ನೂ ಮಾಡ್ತಾ ಇದೀನಿ" ಎಂದಳು.

ಈ ಮಾತಿಗೆ ಇರಬಹುದಾದ ಬೇರೆ ಬೇರೆ ಅರ್ಥಗಳನ್ನು ನಾನು ಹುಡುಕಲು ಹೋಗಲಿಲ್ಲ. ಸುಮ್ಮನೆ ಅವಳ ಪಕ್ಕ ಹೋಗಿ ಕೂತು ಅವರೆಕಾಯಿ ಸುಲಿಯಲು ಶುರು ಮಾಡಿದೆ.